ಪಿಕ್‌ಪೂಲ್ ದ ಪಿನೆ: ಹೊಸ ಬಾಟಲಿ, ಸಮುದ್ರದ ಊಟ

ಪಿಕ್‌ಪೂಲ್ ದ ಪಿನೆ ಬಾಟಲಿಯನ್ನು ‘ಯಾವುದಾದರೂ ವಿಶೇಷಕ್ಕೆ ಇರಲಿ’ ಎಂದು ನಾಲ್ಕೈದು ವರ್ಷ ಎತ್ತಿಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಡಬೇಡಿ. ಈ ವೈಟ್ ವೈನಿನ ಸೊಗಸೆಲ್ಲ ಅದರ ಹುಳಿಯಲ್ಲಿ, ತಾಜಾತನದಲ್ಲಿ. ದ್ರಾಕ್ಷಿ ಕೊಯ್ದ ಒಂದೆರಡು ವರ್ಷದೊಳಗೆ ಕುಡಿದರೆ ಚೆನ್ನ. ಆಮೇಲೆ ನಿಂಬೆ, ಹಸಿರು ಸೇಬಿನ ಪರಿಮಳ ಕರಗುತ್ತಾ ಹೋಗಿ, ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬರತೊಡಗುತ್ತದೆ. ಅಂಗಡಿಯಲ್ಲಿ ಲೇಬಲ್ ಮೇಲಿನ ಇಸವಿ ನೋಡಿ, ಇರುವುದರಲ್ಲಿ ಹೊಸದನ್ನೇ ಆರಿಸಿ.

ಇದು ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್ ಸೀಮೆಯ ವೈನ್. ಮೆಡಿಟರೇನಿಯನ್ ಪಕ್ಕದ ತೋ ಎಂಬ ಉಪ್ಪುನೀರಿನ ಸರೋವರದ ಆಸುಪಾಸಿನ ಆರು ಊರುಗಳಲ್ಲಿ ಬೆಳೆದ ಪಿಕ್‌ಪೂಲ್ ಬ್ಲಾಂ ದ್ರಾಕ್ಷಿಯಿಂದ ಮಾತ್ರ ಇದನ್ನು ಮಾಡಬೇಕು. ಬೇರೆ ತಳಿ ಬೆರೆಸುವಂತಿಲ್ಲ. ಪಿನೆ, ಮೆಜ್, ಫ್ಲೊರೆನ್ಸಾಕ್ ಆ ಆರರಲ್ಲಿ ಸೇರಿವೆ. 2013ರಲ್ಲಿ ಇದಕ್ಕೆ ಸ್ವಂತ ಎಒಸಿ, ಅಂದರೆ ವೈನ್ ಎಲ್ಲಿಯದು, ಹೇಗೆ ಮಾಡಿದ್ದು ಎಂಬುದಕ್ಕೆ ಫ್ರಾನ್ಸ್ ಕೊಡುವ ಅಧಿಕೃತ ಮಾನ್ಯತೆ ಸಿಕ್ಕಿತು. ಅಷ್ಟು ಬಿಸಿಲಿನ ನಾಡಿನಲ್ಲಿ ಬಹಳಷ್ಟು ಬಿಳಿ ದ್ರಾಕ್ಷಿ ಮಾಗುವಷ್ಟರಲ್ಲಿ ಹುಳಿ ಕಳೆದುಕೊಂಡು ಸಪ್ಪೆಯಾಗುತ್ತದೆ. ಪಿಕ್‌ಪೂಲ್ ತಡವಾಗಿ ಮಾಗುತ್ತದೆ, ಮಾಗಿದ ಮೇಲೂ ಹುಳಿ ಬಿಡುವುದಿಲ್ಲ. ಆ ಹುಳಿ ಉಳಿಯಲೆಂದೇ ಬಹಳ ಕಡೆ ರಾತ್ರಿಯ ತಂಪಿನಲ್ಲಿ ಕೊಯ್ದು, ಸ್ಟೀಲ್ ಟ್ಯಾಂಕಿನಲ್ಲಿ ಕಡಿಮೆ ಉಷ್ಣತೆಯಲ್ಲಿ ಹುದುಗಿಸುತ್ತಾರೆ. ಚುರುಕಾದ ಮ್ಯಾಲಿಕ್ ಆಮ್ಲ ಮೆತ್ತನೆಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗದಂತೆಯೂ ತಡೆಯುತ್ತಾರೆ.

ಅದೇ ಸರೋವರದಲ್ಲಿ ಬೂಝಿಗ್ ಎಂಬ ಊರಿನ ಹೆಸರಿನ ಆಯ್ಸ್ಟರ್ (ತಿನ್ನುವ ಸಿಂಪಿ) ಬೆಳೆಯುತ್ತದೆ. ಮೆಡಿಟರೇನಿಯನ್ನಿನಲ್ಲಿ ಉಬ್ಬರ-ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮರಿ ಚಿಪ್ಪುಗಳನ್ನು ಸಿಮೆಂಟಿನಿಂದ ಹಗ್ಗಕ್ಕೆ ಅಂಟಿಸಿ, ನೀರಿನಲ್ಲಿ ನಿಲ್ಲಿಸಿದ ಚೌಕಟ್ಟಿಗೆ ಇಳಿಬಿಡುತ್ತಾರೆ. ಹಸಿ ಆಯ್ಸ್ಟರ್‌ಗೆ ಈ ವೈನೇ ನಿಂಬೆರಸದ ಕೆಲಸ ಮಾಡುತ್ತದೆ. ಮತ್ತೆ ಅದರ ಮೇಲೆ ಈರುಳ್ಳಿ ಹಾಕಿದ ವಿನೆಗರ್ ಸುರಿಯುವುದು ನನ್ನ ಪ್ರಕಾರ ದೊಡ್ಡ ತಪ್ಪು. ವಿನೆಗರಿನ ಹುಳಿ ನಾಲಿಗೆಯನ್ನು ಆಕ್ರಮಿಸಿದ ಮೇಲೆ ಯಾವ ವೈನೂ ನೀರುನೀರಾಗಿಯೇ ಕಾಣುತ್ತದೆ.

ಪಕ್ಕದ ಬಂದರು ಸೆತ್‌ನ ತಿಯೆಲ್ ಕೂಡ ಚೆನ್ನಾಗಿ ಹೊಂದುತ್ತದೆ. ಆಕ್ಟೋಪಸ್, ಟೊಮೆಟೊ, ಸ್ವಲ್ಪ ಖಾರ ತುಂಬಿ ಬೇಯಿಸಿದ ದುಂಡು ಪೈ ಅದು. ಎಣ್ಣೆಯಲ್ಲಿ ಕರಿದ ಸಣ್ಣ ಮೀನು, ಬೊಂಡಾಸ್ (ಸ್ಕ್ವಿಡ್), ಪೆಲಾರ್ದೊಂ ಎಂಬ ಆಡಿನ ಹಾಲಿನ ಚೀಸ್ ಎಲ್ಲಕ್ಕೂ ಸರಿ, ಏಕೆಂದರೆ ಹುಳಿ ಜಿಡ್ಡನ್ನು ತೊಳೆಯುತ್ತದೆ. ಯುರೋಪಿನಲ್ಲಿ ನೆಲೆಸಿದ ನಮ್ಮ ಕರಾವಳಿಯವರು ರವೆ ಹಚ್ಚಿ ಹುರಿದ ಕಾಣೆ ಮೀನಿನ ಜೊತೆ ಧೈರ್ಯವಾಗಿ ಕುಡಿಯಬಹುದು. ಬ್ಯಾಡಗಿ ಮೆಣಸು ಅರೆದ ಗಸಿಗೆ ಮಾತ್ರ ಬೇಡ: ಆಲ್ಕೋಹಾಲ್ ಖಾರವನ್ನು ಇನ್ನಷ್ಟು ಉರಿಸುತ್ತದೆ. ಸಿಹಿತಿಂಡಿಯೊಂದಿಗೂ ಬೇಡ, ವೈನ್ ಬರೀ ಹುಳಿ ಎನಿಸುತ್ತದೆ.

ಬಡಿಸುವಾಗ 8ರಿಂದ 10 ಡಿಗ್ರಿ ಇರಲಿ. ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು, ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ. ಇಪ್ಪತ್ತು ನಿಮಿಷ ಸಾಕು. ಬರೀ ಐಸ್ ತುಂಬಿದರೆ ಬಾಟಲಿಗೆ ಪೂರ್ತಿ ತಾಗುವುದಿಲ್ಲ, ತಣಿಯುವುದು ನಿಧಾನ. ಲೋಟಕ್ಕೆ ಐಸ್ ಹಾಕಲೇಬೇಡಿ.

ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ, ಇಲ್ಲವೇ ಅದರಲ್ಲಿ ಪಚ್ಚಿಲೆ (ಮಸೆಲ್ ಎಂಬ ಚಿಪ್ಪುಜೀವಿ) ಬೇಯಿಸಿ. ಒಂದು ಕಿಲೋ ಪಚ್ಚಿಲೆ ತೊಳೆದು, ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದವನ್ನು ಎಸೆಯಿರಿ. ಅಗಲ ಪಾತ್ರೆಯಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, 150 ಮಿಲಿ ವೈನ್ ಹಾಕಿ ಕುದಿ ಬಂದ ಮೇಲೆ ಪಚ್ಚಿಲೆ ಸುರಿದು ಮುಚ್ಚಿ. ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷಕ್ಕೆ ಚಿಪ್ಪು ತೆರೆಯುತ್ತದೆ. ಇನ್ನೂ ಬೇಯಿಸಿದರೆ ಮಾಂಸ ರಬ್ಬರಿನಂತಾಗುತ್ತದೆ. ಉಪ್ಪು ಹಾಕಬೇಡಿ, ಚಿಪ್ಪಿನೊಳಗಿನ ಸಮುದ್ರದ ನೀರೇ ಸಾಲುತ್ತದೆ. ತೆರೆಯದೇ ಉಳಿದವನ್ನು ತಿನ್ನಬೇಡಿ.