ಅಡಿಟಿಪ್ಪಣಿಯೂ ಆರು ಹಪ್ಪಳವೂ

ಇಪ್ಪತ್ತು ನಿಮಿಷದ ಹಾಡೊಂದನ್ನು ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಕೇಳುವಂತಿಲ್ಲ. ಏಳನೆಯ ನಿಮಿಷಕ್ಕೆ ಅಡುಗೆಮನೆಯಿಂದ ಪ್ರಶ್ನೆ ಬರುತ್ತದೆ: "ಇನ್ನೂ ಅದೇ ಹಾಡೇನು?" ರಾಮನವಮಿ ಪೆಂಡಾಲಿನಲ್ಲಿ ಒಂದೇ ತೋಡಿಯನ್ನು ಮುಕ್ಕಾಲು ಗಂಟೆ ತಲೆದೂಗುತ್ತ ಕೇಳುವವರ ಪ್ರಶ್ನೆ ಇದು. ಇರಲಿ, ತನಿ ಆವರ್ತನ ಶುರುವಾದೊಡನೆ ಕಾಫಿಗೆ ಎದ್ದುಹೋಗುವವರ ಜೊತೆ ವಾದವೇನು!

ಹಾಡು 'ಯೆಸ್' ಎಂಬ ರಾಕ್ ತಂಡದ್ದು. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಇಂದಿಗೂ ಕಾರ್ಯಕ್ರಮ ಕೊಡುತ್ತಿರುವ ತಂಡ. ಅವರ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್' ಆಲ್ಬಂ 1973ರದು: ಎರಡು ಎಲ್‌ಪಿ, ನಾಲ್ಕು ಮಗ್ಗುಲು, ಮಗ್ಗುಲಿಗೆ ಒಂದೇ ಹಾಡು. ಗಾಯಕ ಜಾನ್ ಆಂಡರ್ಸನ್‌ಗೆ ಡ್ರಮ್ಮರ್ ಬಿಲ್ ಬ್ರೂಫರ್ಡ್ ಅವರ ಮದುವೆಯಲ್ಲಿ ಜೇಮಿ ಮ್ಯೂರ್ ಎಂಬ ಇನ್ನೊಬ್ಬ ವಾದ್ಯಗಾರ ಪರಮಹಂಸ ಯೋಗಾನಂದರ ಆತ್ಮಕಥೆಯ ರುಚಿ ಹತ್ತಿಸಿದರು. ಅದರ 83ನೆಯ ಪುಟದ ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಶಾಸ್ತ್ರಗಳ ಹೆಸರಿತ್ತು. ಮಗ್ಗುಲಿಗೊಂದರಂತೆ ಹಂಚಿದರೆ ಲೆಕ್ಕ ಸರಿಹೋಯಿತು. ತಂತ್ರದ ಪಾಲಿಗೆ ಬಂದ ಮಗ್ಗುಲಿನಲ್ಲಿ ಪಲ್ಲವಿ ಫ್ರೆಂಚಿನಲ್ಲಿದೆ ಎಂಬುದನ್ನು ಯಾವ ಶಾಸ್ತ್ರಿಗಳ ಮುಂದೆಯೂ ಹೇಳುವ ಧೈರ್ಯ ನನಗಿಲ್ಲ. ಆದರೂ ಒಂದು ಸೂತ್ರಕ್ಕೆ ಸಾವಿರ ಪುಟದ ಭಾಷ್ಯ ಬರೆದವರ ನಾಡಿನವನಾಗಿ, ಒಂದು ಅಡಿಟಿಪ್ಪಣಿಗೆ ಎಂಬತ್ತು ನಿಮಿಷ ಹಾಡಿದವರನ್ನು ನಾನು ಗೇಲಿ ಮಾಡಲಾರೆ.

ಗೇಲಿ ಮಾಡಿದವರು ತಂಡದೊಳಗೇ ಇದ್ದರು. ಕೀಬೋರ್ಡಿನ ರಿಕ್ ವೇಕ್‌ಮನ್‌ಗೆ ಈ ಆಲ್ಬಂ ಹಿಡಿಸಿರಲಿಲ್ಲ. ಹಳ್ಳಿಯಲ್ಲಿ ರೆಕಾರ್ಡ್ ಮಾಡಬೇಕೆಂದು ಆಂಡರ್ಸನ್‌ಗೆ ಆಸೆ. ಅದು ಕೈಗೂಡದಿದ್ದಾಗ ಲಂಡನ್ನಿನ ಮಾರ್ಗನ್ ಸ್ಟುಡಿಯೋದೊಳಗೇ ಹುಲ್ಲಿನ ಪಿಂಡಿಗಳೂ ಒಂದು ಗೊಂಬೆ ಹಸುವೂ ಬಂದವು. ಶ್ರುತಿ, ಸ್ಮೃತಿಗಳ ಜೊತೆಗೆ ಗೋವೂ ಆಯಿತು. ಆಮೇಲೆ ಮ್ಯಾಂಚೆಸ್ಟರಿನ ಸಂಗೀತ ಕಛೇರಿ. ವೇಕ್‌ಮನ್ ಹೇಳಿಕೊಂಡಿರುವಂತೆ, ಕೆಲವು ಭಾಗಗಳಲ್ಲಿ ಅವರಿಗೆ ನುಡಿಸಲು ಹೆಚ್ಚೇನೂ ಇರಲಿಲ್ಲ. "ಕಾರ್ಯಕ್ರಮ ಮುಗಿದ ಮೇಲೆ ಏನು ತಿನ್ನುತ್ತೀರಿ?" ಎಂದು ಸಹಾಯಕ ನಡುವೆಯೇ ಕೇಳಿದ. ಇವರು ಪಟ್ಟಿ ಒಪ್ಪಿಸಿದರು: ಚಿಕನ್ ವಿಂದಾಲೂ, ಪುಲಾವ್, ಆರು ಹಪ್ಪಳ, ಬೆಂಡೆಕಾಯಿ ಪಲ್ಯ, ಬಾಂಬೆ ಆಲೂ, ಒಂದು ಸ್ಟಫ್ಡ್ ಪರಾಠಾ. ಕಾರ್ಯಕ್ರಮ ನಡೆಯುತ್ತಿರುವಾಗಲೇ ಘಮಲು ಎದ್ದಿತು. ಕೆಳಗಿನಿಂದ ಊಟ ಬಂತು. ಇವರು ವೇದಿಕೆಯ ಮೇಲೇ ತಿಂದರು.

ಐವತ್ತು ವರ್ಷಗಳಿಂದ ಜನ ಈ ಕಥೆಗೆ ನಗುತ್ತಿದ್ದಾರೆ. ನನ್ನ ತಕರಾರು ಬೇರೆ. ಪುಲಾವಿನ ಜೊತೆಗೆ ಪರಾಠಾ ಏಕೆ? ಆಲೂ ಇರುವಾಗ ಬೆಂಡೆಕಾಯಿ ಏಕೆ? ವಿಂದಾಲೂ ಗೋವೆಯದು, ಪರಾಠಾ ಪಂಜಾಬಿನದು, ಇವೆರಡನ್ನೂ ಒಂದೇ ತಟ್ಟೆಗೆ ಹಾಕಿಕೊಳ್ಳುವವನಿಗೆ ನಾಲ್ಕು ಶಾಸ್ತ್ರಗಳನ್ನು ಒಂದೇ ಆಲ್ಬಮ್ಮಿಗೆ ತುಂಬಿದ ಆಂಡರ್ಸನ್ ಮೇಲೆ ಸಿಡುಕುವ ಹಕ್ಕು ಎಲ್ಲಿಂದ ಬಂತು? ಅಲ್ಲದೆ ಹೋಟೆಲಿನಿಂದ ಕಟ್ಟಿಸಿ ತಂದ ಹಪ್ಪಳ ದಾರಿಯಲ್ಲೇ ಮೆತ್ತಗಾಗಿರುತ್ತದೆ. ಆ ರಾತ್ರಿಯ ಇತಿಹಾಸ ಬರೆದವರಾರೂ ಇದನ್ನು ವಿಚಾರಿಸಿದಂತಿಲ್ಲ.

ವೇಕ್‌ಮನ್ 1974ರಲ್ಲಿ ತಂಡ ಬಿಟ್ಟರು, 1976ರಲ್ಲಿ ಮರಳಿದರು, ಮತ್ತೆ ಬಿಟ್ಟರು, ಮತ್ತೆ ಮರಳಿದರು. ತವರಿಗೆ ಹೋಗಿಬರುವ ಸೊಸೆಯೂ ಇಷ್ಟು ಓಡಾಡಲಾರಳು. ಆಂಡರ್ಸನ್ ಹೋದಾಗಲೊಮ್ಮೆ, ಯೆಸ್ ತಂಡದ್ದೇ ಹಾಡುಗಳನ್ನು ಅನುಕರಿಸಿ ಹಾಡುತ್ತಿದ್ದ ತಂಡದಿಂದ ಒಬ್ಬ ಗಾಯಕನನ್ನು ಕರೆತಂದು ನಿಲ್ಲಿಸಿದ್ದೂ ಉಂಟು. ನಿಜವಾದ ಯೆಸ್ ಯಾವುದು ಎಂಬ ಜಗಳ ಅಭಿಮಾನಿಗಳಿಗೆ ಮೂರು ಹೊತ್ತಿನ ಅನ್ನ, ನನಗೆ ತಲೆನೋವು. ಬಿಡದೆ ಉಳಿದವರು ಬೇಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಒಬ್ಬರೇ. ಅವರೂ 2015ರಲ್ಲಿ ತೀರಿಕೊಂಡರು.

2017ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ, ತಂಡ ಒಡೆದು ಮುನಿಸಿಕೊಂಡಿದ್ದ ಎರಡೂ ಬಣಗಳು ಬ್ರೂಕ್ಲಿನ್ನಿನ ವೇದಿಕೆ ಹತ್ತಿದವು. ಒಂದು ಹಾಡಿಗೆ ಸ್ಕ್ವೈರ್ ಜಾಗದಲ್ಲಿ ರಷ್ ತಂಡದ ಗೆಡ್ಡಿ ಲೀ ಬೇಸ್ ನುಡಿಸಿದರು. ವೇಕ್‌ಮನ್ ಭಾಷಣದ ಸರದಿ ಬಂದಾಗ ಅವರು ಸಂಗೀತದ ಗೋಜಿಗೇ ಹೋಗದೆ, ಮನೆಮಂದಿಯೆದುರು ಹೇಳಲಾಗದಂಥ ಜೋಕುಗಳನ್ನು ಹೇಳಿ ಕೆಳಗಿಳಿದರು.