ಇಂಧನ ಮುಳ್ಳಿನ ಪರೀಕ್ಷೆ ಎಲ್ಲ ಹಳೆಯ ಪಿಕಪ್‌ಗಳಿಗೂ ಒಂದೇ ಅಲ್ಲ

ಕೀ ಆನ್ ಮಾಡಿ, ಟ್ಯಾಂಕಿನ ಸೆಂಡರ್ (ಇಂಧನದ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ) ತಂತಿಯನ್ನು ಚಾಸಿಗೆ ಮುಟ್ಟಿಸಿದಾಗ ಮುಳ್ಳು ‘ಫುಲ್’ಗೆ ಏರದಿದ್ದರೆ ಮೀಟರೇ ಕೆಟ್ಟಿದೆ ಎಂಬ ಸಲಹೆ ಹಳೆಯ ಅಮೆರಿಕನ್ ಪಿಕಪ್ ಇಟ್ಟುಕೊಂಡವರ ನಡುವೆ ಹರಿದಾಡುತ್ತಿದೆ. ಇದು 1986ರವರೆಗಿನ ಫೋರ್ಡ್ ಪಿಕಪ್‌ಗಳಿಗೆ ಹೊಂದುತ್ತದೆ. 1973ರಿಂದ 1987ರವರೆಗಿನ ಷೆವರ್ಲೆ ಪಿಕಪ್‌ಗಳ ಮಟ್ಟಿಗೆ ತೀರಾ ತಪ್ಪು.

ಫೋರ್ಡ್ ಸೆಂಡರ್‌ನ ವಿದ್ಯುತ್ ರೋಧ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 73 ಓಮ್, ತುಂಬಿದಾಗ ಸುಮಾರು 10 ಓಮ್. ಷೆವರ್ಲೆಯಲ್ಲಿ ಖಾಲಿಗೆ 0, ತುಂಬಿದ್ದಕ್ಕೆ 90. ತಂತಿಯನ್ನು ಚಾಸಿಗೆ ಮುಟ್ಟಿಸಿದರೆ ಮೀಟರಿಗೆ ಕಾಣುವ ರೋಧ ಸೊನ್ನೆ; ಬಿಚ್ಚಿದರೆ ಅಪಾರ. ಆದ್ದರಿಂದ ಷೆವರ್ಲೆಯಲ್ಲಿ ತಂತಿಯನ್ನು ಚಾಸಿಗೆ ಮುಟ್ಟಿಸಿದಾಗ ಮುಳ್ಳು ಖಾಲಿಗೆ ಇಳಿಯುವುದೂ, ತಂತಿ ಬಿಚ್ಚಿದಾಗ ಫುಲ್ ದಾಟಿ ಹೋಗುವುದೂ ಮೀಟರ್ ಸರಿಯಿರುವುದರ ಲಕ್ಷಣವೇ ಹೊರತು ದೋಷವಲ್ಲ. ಇದನ್ನರಿಯದೆ ಸುಸ್ಥಿತಿಯ ಮೀಟರನ್ನು ಕಿತ್ತೆಸೆಯುವುದು ನಿಜಕ್ಕೂ ನೋವಿನ ಸಂಗತಿ.

ಷೆವರ್ಲೆಯ ಟ್ಯಾಂಕ್ ಅರ್ಧವಿದ್ದರೂ ಮುಳ್ಳು ಸದಾ ಫುಲ್ ಮೇಲೇ ನಿಂತಿದ್ದರೆ, ಸೆಂಡರ್‌ನಿಂದ ಚಾಸಿಗೆ ಬರುವ ಅರ್ಥಿಂಗ್ ತಂತಿಯ ತುದಿಯನ್ನು ಮೊದಲು ನೋಡಬೇಕು: ಸ್ಕ್ರೂ ಕೆಳಗಿನ ಉಂಗುರಕ್ಕೆ ತುಕ್ಕು ಹಿಡಿದು ಕಂದು ಪುಡಿ ಕಟ್ಟಿದ್ದರೆ, ಲೋಹ ಹೊಳೆಯುವಷ್ಟು ಉಜ್ಜಿ ಬಿಗಿದಾಗ ಎಷ್ಟೋ ಸಲ ಟ್ಯಾಂಕ್ ಇಳಿಸುವ ಕೆಲಸವೇ ತಪ್ಪುತ್ತದೆ.

ಫೋರ್ಡ್‌ನಲ್ಲೂ ತಂತಿಯನ್ನು ನೇರವಾಗಿ ಹೆಚ್ಚು ಹೊತ್ತು ಮುಟ್ಟಿಸಿಡದೆ, ನಡುವೆ 10 ಓಮ್ ರೆಸಿಸ್ಟರ್ ಸೇರಿಸುವುದು ಮೀಟರಿಗೆ ಕ್ಷೇಮ. ಪೆಟ್ರೋಲ್ ಆವಿ ಇರುವಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಒಂದು ಕಿಡಿ ಸಾಕು.