ಲೆಕ್ಕಕ್ಕೆ ಬರೋ ಕೋರ್ಸು, ಬರದ ಕೋರ್ಸು

ಒಂದು ಆಟನ ಚೆನ್ನಾಗಿ ಆಡ್ಬೇಕು ಅನ್ನೋ ಹುಚ್ಚು ಬೇರೆ, ಆ ಆಟ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಹೋಗಿ ಒಂದ್ಸಲ ಆಡಿ ಬರ್ಬೇಕು ಅನ್ನೋ ಹುಚ್ಚು ಬೇರೆ. ನನಗಿರೋದು ಎರಡನೇದು, ಆಟ ಡಿಸ್ಕ್ ಗಾಲ್ಫ್. ಮೊದಲನೇದು ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಪಟ್ಟಿಂಗ್, ಅಂದ್ರೆ ಹತ್ತಿರದಿಂದ ಬುಟ್ಟಿಗೆ ಎಸೆಯೋದು, ಸುಧಾರಿಸ್ಬೇಕಿತ್ತು, ಇಪ್ಪತ್ತು ಅಡಿಯಿಂದ ಎಸೆದ್ರೂ ಡಿಸ್ಕು ಸರಪಳಿನ ಸವರಿಕೊಂಡು ಆಚೆ ಕಡೆ ಹೋಗಿ ಬೀಳುತ್ತೆ, ನಾನು ಅದನ್ನ ಎತ್ಕೊಂಡು ಏನೂ ಆಗಿಲ್ಲ ಅನ್ನೋ ಮುಖ ಮಾಡ್ಕೊಂಡು ಮುಂದಿನ ಹೋಲ್‌ಗೆ ನಡೀತೀನಿ. ಸ್ಕೋರ್ ಹಾಗೇ ಇದೆ, ಫೋನಲ್ಲಿರೋ ಕೋರ್ಸ್ ಲಿಸ್ಟ್, ಅಂದ್ರೆ ಆಡಿ ಬಂದ ಜಾಗಗಳ ಪಟ್ಟಿ ಮಾತ್ರ ಉದ್ದ ಆಗ್ತಾನೇ ಇದೆ.

ಡಿಸ್ಕ್ ಗಾಲ್ಫ್ ಗೊತ್ತಿಲ್ಲದವರಿಗೆ ಬೇಗ ಹೇಳ್ಬಿಡ್ತೀನಿ. ಗಾಲ್ಫೇ ಅನ್ಕೊಳ್ಳಿ, ಕೋಲು ಚೆಂಡು ಎರಡೂ ತೆಗೆದುಬಿಡಿ, ಕೈಗೊಂದು ಪ್ಲಾಸ್ಟಿಕ್ ಡಿಸ್ಕ್ ಕೊಡಿ, ನೆಲದ ಗುಂಡಿ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ ನಿಲ್ಲಿಸಿ. ಟೀ ಪ್ಯಾಡ್ ಅನ್ನೋ ಸಿಮೆಂಟ್ ಚಪ್ಪಡಿ ಮೇಲಿಂದ ಎಸೀಬೇಕು, ಬಿದ್ದ ಜಾಗಕ್ಕೆ ನಡ್ಕೊಂಡು ಹೋಗಿ ಅಲ್ಲಿಂದ ಮತ್ತೆ ಎಸೀಬೇಕು, ಸರಪಳಿ ಝಲ್ ಅಂದು ಡಿಸ್ಕು ಬುಟ್ಟಿಲಿ ಕೂತ್ರೆ ಆ ಹೋಲ್ ಮುಗೀತು, ಹದಿನೆಂಟು ಹೋಲಲ್ಲಿ ಎಷ್ಟು ಕಮ್ಮಿ ಎಸೆದ್ರೋ ಅಷ್ಟು ಒಳ್ಳೇದು. ಬೀಚಲ್ಲಿ ಮಕ್ಕಳು ಆಡೋ ಫ್ರಿಸ್ಬೀ ಅಲ್ಲ ಇದು, ಗೇಣಗಲದ ಡಿಸ್ಕು, ಅಂಚು ಚೂಪು, ತೂಕ ನೂರೆಪ್ಪತ್ತು ಗ್ರಾಂ ಆಸುಪಾಸು, ಕಾಲಿಗೆ ಬಡಿಸ್ಕೊಂಡವರನ್ನ ಕೇಳಿ ನೋಡಿ.

ನಾನಿರೋದು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್ ಕಡೆ. ಈ ಹುಚ್ಚಿರೋನು ಬಂದು ಸೇರಬಾರದಂಥ ಊರು. ಹಾರ್ನೆಟ್ಸ್ ನೆಸ್ಟ್, ರೆನೈಸಾನ್ಸ್, ನೆವಿನ್, ಕಿಲ್ಬೋರ್ನ್ ಅಂತ ಯಾವ ದಿಕ್ಕಿಗೆ ತಿರುಗಿದ್ರೂ ಒಂದೊಂದು ಕೋರ್ಸು, 2012ರಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ಪೇ ಇಲ್ಲಿ ನಡೆದಿತ್ತು. ಸೌತ್ ಕ್ಯಾರೊಲೈನಾ ಗಡಿ ದಾಟಿದ್ರೆ ರಾಕ್ ಹಿಲ್, ಅಲ್ಲಿ ವಿಂಥ್ರಾಪ್ ಯೂನಿವರ್ಸಿಟಿ, 1999ರಿಂದ ಯುಎಸ್ ಚಾಂಪಿಯನ್‌ಶಿಪ್ಪಿನ ಮನೆ ಅದು. ಕಾಲೇಜಿನ ಹುಲ್ಲುಹಾಸಿಗೆಲ್ಲಾ ಹಳದಿ ಹಗ್ಗ ಎಳೆದು, ಹಗ್ಗದ ಆಚೆ ಬಿದ್ರೆ ಔಟು ಅಂತ ಮಾಡಿ, ಅಷ್ಟೊಂದು ಬಯಲಿದ್ರೂ ಎಸೆಯೋಕೆ ಜಾಗಾನೇ ಇಲ್ಲದ ಹಾಗೆ ಮಾಡಿರ್ತಾರೆ. ಹೀಗಾಗಿ ನನ್ನ ಲಿಸ್ಟಿನ ಮೊದಲ ಕಂತು ಯಾವ ಟ್ರಿಪ್ಪೂ ಇಲ್ಲದೇ, ತರಕಾರಿ ತರೋಕೆ ಹೋದಾಗ್ಲೇ ತುಂಬ್ಕೊಂತು. ಆಮೇಲೆ ಹತ್ತಿರದ್ದೆಲ್ಲಾ ಖಾಲಿಯಾಯ್ತು ನೋಡಿ, ಕಷ್ಟ ಶುರುವಾಗಿದ್ದೇ ಆವಾಗ.

ಪ್ರಪಂಚದಲ್ಲಿ ಈಗ 15 ಸಾವಿರಕ್ಕೂ ಮೇಲೆ ಕೋರ್ಸ್ ಇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕಾದಲ್ಲೇ. ಫಿನ್ಲೆಂಡ್ ಅನ್ನೋ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧ ಕೂಡ ಇಲ್ಲ, ಅಲ್ಲೂ ನೂರಾರು ಕೋರ್ಸ್ ಇವೆ, ಐಸ್‌ಲ್ಯಾಂಡಲ್ಲಿ ಜನಾನೇ ಕಮ್ಮಿ ಆದ್ರೂ ಸಣ್ಣ ಸಣ್ಣ ಊರಲ್ಲೂ ಬುಟ್ಟಿ ನಿಲ್ಲಿಸಿದಾರೆ. ಯುಡಿಸ್ಕ್ ಅಂತ ಒಂದು ಆಪ್ ಇದೆ, ಮ್ಯಾಪ್ ತೆಗೆದ್ರೆ ಎಲ್ಲಾ ಕಾಣುತ್ತೆ. ಆ ಮ್ಯಾಪನ್ನ ರಾತ್ರಿ ಮಲಗೋ ಮುಂಚೆ ಮಾತ್ರ ನೋಡಬೇಡಿ, ನಿದ್ದೆ ಬರಲ್ಲ.

ಕೋರ್ಸ್ ಸೇರಿಸೋರಿಗೆ ಮೂಲಸ್ಥಾನ ಅಂತ ಒಂದಿದೆ, ಲಾಸ್ ಏಂಜಲೀಸ್ ಪಕ್ಕದ ಓಕ್ ಗ್ರೋವ್. ಎಡ್ ಹೆಡ್ರಿಕ್ ಅಂತ ಒಬ್ರು ಇದ್ರು, ಫ್ರಿಸ್ಬೀ ಮಾಡೋ ವ್ಯಾಮ್-ಓ ಕಂಪನಿಲಿ ಕೆಲಸ ಮಾಡ್ತಾ ಅದು ನೆಟ್ಟಗೆ ಹಾರೋ ಹಾಗೆ ತಿದ್ದಿದವರು, ಅವರು 1975ರಲ್ಲಿ ಆ ಪಾರ್ಕಲ್ಲಿ ಮೊದಲನೇ ಪರ್ಮನೆಂಟ್ ಕೋರ್ಸ್ ಹಾಕಿದ್ರು. ಆಗ ಬುಟ್ಟಿನೂ ಇರ್ಲಿಲ್ಲ, ಬರೀ ಕಂಬ. ಡಿಸ್ಕು ಕಂಬಕ್ಕೆ ತಾಗ್ತೋ ಇಲ್ವೋ ಅಂತ ಜಗಳ ಆಗೋದು ಸಹಜ ತಾನೇ, ಅದಕ್ಕೇ ಇರ್ಬೇಕು, ಸರಪಳಿ ಬುಟ್ಟಿ ಕಂಡುಹಿಡಿದು 1977ರಲ್ಲಿ ಅದಕ್ಕೆ ಪೇಟೆಂಟೂ ತಗೊಂಡ್ರು. ಪಕ್ಕದಲ್ಲೇ ನಾಸಾದ ಜೆಪಿಎಲ್ ಇದೆ, ಮಂಗಳಗ್ರಹಕ್ಕೆ ಗಾಡಿ ಕಳಿಸ್ತಾರಲ್ಲ, ಅದೇ. ಬೇಲಿ ಆಕಡೆ ಕೋಟಿಗಟ್ಲೆ ಮೈಲಿ ದೂರದ ಗುರಿ, ಈಕಡೆ ಮುನ್ನೂರು ಅಡಿಗೆ ನಾನು ತಪ್ಪಿಸ್ತಾ ಇದ್ದೆ.

ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಆಸೆ ಪ್ರಕಾರ ಚಿತಾಭಸ್ಮನ ಪ್ಲಾಸ್ಟಿಕ್ ಜೊತೆ ಬೆರೆಸಿ ಡಿಸ್ಕ್ ಮಾಡಿದ್ರು. ಇದನ್ನ ಅಪ್ಪನಿಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ನಮ್ಮಲ್ಲಾದ್ರೆ ಪಶ್ಚಿಮವಾಹಿನಿಗೆ ಹೋಗಿ ಬಿಟ್ಟು ಬಂದ್ರೆ ಮುಗೀತು, ಇದನ್ನ ಯಾರೋ ಎಸೆದು ಮರದ ಮೇಲೆ ಸಿಕ್ಕಾಕ್ಕೊಂಡ್ರೆ ಸದ್ಗತಿ ಹೆಂಗೋ ಅಂತ ಕೇಳಿದ್ರು. ಯೋಚನೆ ಮಾಡೋ ವಿಷಯಾನೇ.

ಇನ್ನು ಲೆಕ್ಕದ ವಿಚಾರ. ಹೊರಗಿನವರಿಗೆ ಇದು ಸುಲಭ ಅನ್ಸುತ್ತೆ, ಆಡಿದ್ರೆ ಒಂದು ಇಲ್ಲಾಂದ್ರೆ ಇಲ್ಲ. ಹಾಗಿಲ್ಲ. ಒಂಬತ್ತು ಹೋಲಿನ ಪುಟ್ಟ ಕೋರ್ಸು ಒಂದಾ ಅರ್ಧನಾ? ಒಂದು ಅಂತ ನಮ್ಮ ಮತ, ಯಾಕಂದ್ರೆ ಇಲ್ಲಾಂದ್ರೆ ನಮ್ಮ ಲಿಸ್ಟಿಗೆ ಪೆಟ್ಟು ಬೀಳುತ್ತೆ. ಹಳೇ ಕೋರ್ಸನ್ನ ಕೆಡವಿ ಅದೇ ಪಾರ್ಕಲ್ಲಿ ಬುಟ್ಟಿಗಳನ್ನ ಬೇರೆ ಕಡೆ ನೆಟ್ರೆ ಅದು ಹೊಸದಾ? ಎಷ್ಟು ಹೋಲ್ ಬದಲಾಗಿರ್ಬೇಕು? ಅರ್ಧಕ್ಕಿಂತ ಜಾಸ್ತಿ ಅಂತ ಕೆಲವರು, ಪೂರ್ತಿ ಬದಲಾಗಿರ್ಬೇಕು ಅಂತ ಮಡಿವಂತರು. ಕೋರ್ಸನ್ನೇ ಕಿತ್ತುಹಾಕಿ ಅಪಾರ್ಟ್‌ಮೆಂಟ್ ಕಟ್ಟಿದ್ರೆ, ನಾನು ಆಡಿದ್ದು ಲಿಸ್ಟಲ್ಲಿ ಉಳಿಯುತ್ತಾ? ಉಳಿಯುತ್ತೆ, ಅದಕ್ಕೆ ಬೆಲೆ ಇನ್ನೂ ಜಾಸ್ತಿ, ಇನ್ಯಾರೂ ಸೇರಿಸೋಕಾಗಲ್ವಲ್ಲ. ಹದಿನಾಲ್ಕನೇ ಹೋಲಲ್ಲಿ ಗುಡುಗು ಸಿಡಿಲು ಬಂದು ಓಡಿಹೋದ್ರೆ? ಒಬ್ಬನೇ ಆಡಿದ್ದು, ಸಾಕ್ಷಿ ಇಲ್ಲ, ಆಗ? ಇವಕ್ಕೆಲ್ಲಾ ಯಾವ ಸಂಸ್ಥೆನೂ ರೂಲ್ಸ್ ಮಾಡಿಲ್ಲ, ಹೆಡ್ರಿಕ್ಕೇ 1976ರಲ್ಲಿ ಶುರು ಮಾಡಿದ ಪಿಡಿಜಿಎ ಅನ್ನೋ ಈ ಆಟದ ಸಂಘ ಕಾಲು ಎಲ್ಲಿಡ್ಬೇಕು ಬುಟ್ಟಿ ಎಷ್ಟೆತ್ತರ ಇರ್ಬೇಕು ಅಂತೆಲ್ಲಾ ಬರೆದಿಟ್ಟಿದೆ, ನಮ್ಮಂಥವರ ಲೆಕ್ಕದ ಬಗ್ಗೆ ಒಂದಕ್ಷರ ಇಲ್ಲ. ಹಾಗಾಗಿ ಪ್ರತಿಯೊಬ್ಬನೂ ತನಗೆ ತಾನೇ ನ್ಯಾಯಾಧೀಶ, ಮತ್ತೆ ತೀರ್ಪು ಯಾವಾಗ್ಲೂ ತನ್ನ ಪರವಾಗೇ.

ನಂಗೊಬ್ಬ ಫ್ರೆಂಡ್ ಇದಾನೆ, ಹಾಸನದ ಕಡೆಯವನು, ಅವನು ಇದಕ್ಕೆ ತದ್ವಿರುದ್ಧ. ಮನೆ ಪಕ್ಕದ ಕೋರ್ಸ್ ಬಿಟ್ಟು ಆಚೆ ಕಾಲಿಡಲ್ಲ. ಅಲ್ಲಿನ ಒಂದೊಂದು ಪೈನ್ ಮರದ ಗುಣನೂ ಗೊತ್ತು ಅವನಿಗೆ, ಯಾವ ಮರಕ್ಕೆ ಹೊಡೆದ್ರೆ ಡಿಸ್ಕು ಯಾವ ಕಡೆ ಚಿಮ್ಮುತ್ತೆ, ಮಳೆ ಬಂದ ಮಾರನೇ ದಿನ ಯಾವ ಟೀ ಪ್ಯಾಡಲ್ಲಿ ಕೆಂಪು ಮಣ್ಣು ಜಾರುತ್ತೆ, ಎಲೆ ಉದುರಿದ ಮೇಲೆ ಯಾವ ಸಂದಿಲಿ ದಾರಿ ತೆರ್ಕೊಳ್ಳುತ್ತೆ. ನನಗಿಂತ ಎಷ್ಟೋ ಚೆನ್ನಾಗಿ ಆಡ್ತಾನೆ, ಅದು ಹೇಳ್ಬೇಕಾಗಿಲ್ಲ. "ನೀನು ಆಡಲ್ಲ ಕಣೋ, ಹೋಗಿ ಅಟೆಂಡೆನ್ಸ್ ಹಾಕಿ ಬರ್ತೀಯ" ಅಂತಾನೆ. ಉತ್ತರ ಇಲ್ಲ ಅಂತಲ್ಲ ನನ್ನ ಹತ್ರ, ಇದೆ, ಆದ್ರೆ ಅವನು ಬರ್ಡಿ (ಹೋಲಿಗೆ ನಿಗದಿಯಾದ ಎಸೆತಕ್ಕಿಂತ ಒಂದು ಕಮ್ಮಿ) ಹಾಕಿ ನಾನು ಬೋಗಿ (ಒಂದು ಜಾಸ್ತಿ) ಹಾಕಿರೋ ಹೊತ್ತಲ್ಲಿ ಹೇಳಿದ್ರೆ ಅದಕ್ಕೆ ತೂಕ ಇರಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ.

ಅಮೆರಿಕಾ ನೋಡೋಕೆ ಬರೋರಿಗೆ ತೋರಿಸೋ ಜಾಗಗಳು ಬೇರೆ. ನಯಾಗರ, ಗ್ರ್ಯಾಂಡ್ ಕ್ಯಾನಿಯನ್, ನ್ಯೂಯಾರ್ಕಿನ ಆ ಹೆಂಗಸಿನ ಮೂರ್ತಿ, ಅಪ್ಪ ಅಮ್ಮ ಬಂದಾಗ ನಾವೂ ಕರ್ಕೊಂಡು ಹೋಗಿ ಫೋಟೋ ತೆಗೆಸಿದೀವಿ. ಡಿಸ್ಕ್ ಗಾಲ್ಫ್ ಕೋರ್ಸು ಅಂಥಾ ಕಡೆ ಇರಲ್ಲ. ಯಾರಿಗೂ ಬೇಡದ ಜಾಗನ ಊರಿನವರು ಇದಕ್ಕೆ ಕೊಟ್ಟಿರ್ತಾರೆ: ನದಿ ಉಕ್ಕಿದ್ರೆ ಮುಳುಗೋ ತಗ್ಗು, ಹೈಟೆನ್ಶನ್ ವೈರ್ ಕೆಳಗಿನ ಪಟ್ಟೆ, ಕಸ ತುಂಬಿ ಮುಚ್ಚಿದ ದಿಬ್ಬ, ವಾಟರ್ ಟ್ಯಾಂಕ್ ಹಿಂದಿನ ಕಾಡು. ಗಾಲ್ಫಿಗೆ ಬೇಕಾದ ಹುಲ್ಲು, ನೀರು, ಮಾಲಿಗಳು ಇದಕ್ಕೆ ಬೇಡ, ಮರ ಇದ್ದ ಹಾಗೇ ಇರ್ಲಿ, ಬುಟ್ಟಿ ನೆಟ್ರೆ ಆಯ್ತು, ಅದಕ್ಕೇ ಬಹುಪಾಲು ಕೋರ್ಸಲ್ಲಿ ದುಡ್ಡೂ ಕೇಳಲ್ಲ. ಹಾಗಾಗಿ ಕೋರ್ಸ್ ಹುಡುಕ್ಕೊಂಡು ಹೋದವನಿಗೆ ಊರಿನ ಹಿತ್ತಲು ಕಾಣುತ್ತೆ. ಇಂಡಿಯಾನಾದ ಹೆಸರೇ ಕೇಳದ ಊರಲ್ಲಿ ಲಿಟಲ್ ಲೀಗ್ ಮೈದಾನ, ಅದರ ಹಿಂದೆ ಫೈರ್ ಸ್ಟೇಷನ್, ಅದರ ಹಿಂದೆ ನಮ್ಮ ಒಂಬತ್ತು ಹೋಲು, ಒಂದೊಂದು ಟೀ ಹತ್ರ ಒಂದೊಂದು ಬೋರ್ಡು, ಇದನ್ನ ಕೊಡಿಸಿದ್ದು ಊರಿನ ಹಲ್ಲಿನ ಡಾಕ್ಟ್ರು, ಇದನ್ನ ಟ್ರ್ಯಾಕ್ಟರ್ ಅಂಗಡಿಯವರು ಅಂತ. ಬೋರ್ಡು ಓದ್ಕೊಂಡು ಹೋದ್ರೆ ಊರಿನ ಯಜಮಾನರೆಲ್ಲಾ ಯಾರ್ಯಾರು ಅಂತ ಒಂದೂವರೆ ಗಂಟೇಲಿ ಗೊತ್ತಾಗ್ಬಿಡುತ್ತೆ. ಅಲ್ಲಿಗೆ ಬೇರೆ ಯಾವ ನೆಪದಲ್ಲೂ ನಾನು ಹೋಗ್ತಿರ್ಲಿಲ್ಲ.

ಅಲ್ಲಿ ಯಾರಾದ್ರೂ ಒಬ್ರು ಸಿಕ್ಕೇ ಸಿಗ್ತಾರೆ, ರಿಟೈರ್ ಆದವರು, ನಾಯಿ ಜೊತೆ. ಒಬ್ಬನೇ ಬ್ಯಾಗ್ ಹಾಕ್ಕೊಂಡು ಮೂರನೇ ಹೋಲ್ ಎಲ್ಲಿ ಅಂತ ತಿರುಗ್ತಿರೋ ನನ್ನ ನೋಡಿ ಬಂದು ದಾರಿ ತೋರಿಸ್ತಾರೆ, ಆಮೇಲೆ ಪೂರ್ತಿ ಜೊತೆಗೇ ಆಡ್ತಾರೆ. ಎಲ್ಲಿಂದ ಬಂದೆ ಅಂತ ಕೇಳಿದ್ರೆ ಶಾರ್ಲೆಟ್ ಅಂತೀನಿ, ಅದಕ್ಕೂ ಮುಂಚೆ ಎಲ್ಲಿಂದ ಅಂತ ಕೇಳಿದ್ರೆ ಮೈಸೂರು ಅಂತೀನಿ, ಮೈಸೂರಲ್ಲಿ ಕೋರ್ಸ್ ಚೆನ್ನಾಗಿದ್ಯಾ ಅಂತ ಕೇಳ್ತಾರೆ. ಬೇರೆ ಏನೂ ಕೇಳಲ್ಲ.

ದೊಡ್ಡ ಹೆಸರಿನ ಕೋರ್ಸುಗಳಿಗೂ ಹೋಗಿದೀನಿ, ಇಲ್ಲ ಅನ್ನಲ್ಲ. ಆರೆಗನ್‌ನ ಹಾರ್ನಿಂಗ್ಸ್ ಹೈಡೌಟಲ್ಲಿ ನವಿಲುಗಳು ಓಡಾಡ್ಕೊಂಡಿರ್ತವೆ, ಪಟ್ ಮಾಡೋಕೆ ಉಸಿರು ಬಿಗಿಹಿಡಿದು ನಿಂತ ಹೊತ್ತಿಗೇ ಹಿಂದಿಂದ ಕೂಗುತ್ತೆ. ಮ್ಯಾಸಚೂಸೆಟ್ಸ್‌ನ ಮೇಪಲ್ ಹಿಲ್ ಕ್ರಿಸ್ಮಸ್ ಗಿಡ ಬೆಳೆಯೋ ತೋಟದಲ್ಲಿದೆ, ಕಣ್ಣಿಗೆ ಹಬ್ಬ, ಡಿಸ್ಕಿಗೆ ಜಲಸಮಾಧಿ, ಕೆರೆಗಳು ಅಷ್ಟಿವೆ. ಯೂಟಾದ ಆಗ್ಡನ್‌ನಲ್ಲಿ ಫೋರ್ಟ್ ಬ್ಯೂನವೆಂಚುರಾ ಅಂತ ಪಾರ್ಕ್, 2021ರ ವರ್ಲ್ಡ್ಸ್‌ನ ಕೊನೇ ಹೋಲಲ್ಲಿ ಜೇಮ್ಸ್ ಕಾನ್ರಾಡ್ 247 ಅಡಿಯಿಂದ ಎಸೆದಿದ್ದು ನೇರ ಬುಟ್ಟಿಗೆ ಹೋಗಿ ಸ್ಕೋರ್ ಸಮ ಆಗಿ, ಗೆದ್ದೇಬಿಟ್ಟ ಅನ್ಕೊಂಡಿದ್ದ ಪಾಲ್ ಮ್ಯಾಕ್‌ಬೆತ್ ಪ್ಲೇಆಫಲ್ಲಿ ಸೋತಿದ್ದು ಇಲ್ಲೇ. ನಾನೂ ಹೋಗಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ನಿಂತು ಎಸೆದೆ. ಎಲ್ಲಿ ಬಿತ್ತು ಅಂತ ಕೇಳಬೇಡಿ.

ಜಾಗ ಬದಲಾದ್ರೆ ಡಿಸ್ಕಿನ ಬುದ್ಧಿನೂ ಬದಲಾಗುತ್ತೆ, ಇದು ನನ್ನ ಫ್ರೆಂಡಿಗೆ ಗೊತ್ತಿಲ್ಲದ ವಿಷಯ. ಕ್ಯಾರೊಲೈನಾದಲ್ಲಿ ನೆಟ್ಟಗೆ ಹೋಗೋ ಡಿಸ್ಕು ಕೊಲೊರಾಡೋ ಬೆಟ್ಟದ ಮೇಲೆ ಬೇಗ ಎಡಕ್ಕೆ ಬಾಗಿ ಇಳಿದುಬಿಡುತ್ತೆ, ಅಲ್ಲಿ ಗಾಳಿ ತೆಳು, ಹಿಡಿದೆತ್ತೋಕೆ ಸಾಲಲ್ಲ. ಕಾನ್ಸಾಸ್‌ನಲ್ಲಿ ಗಾಳಿ ಮಾತ್ರ ಬೇಕಾದಷ್ಟಿದೆ, ಅಲ್ಲಿ ಎಸೆದವನು ನೀವು, ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡೋದು ಅದು. ಮಿನೆಸೋಟಾದಲ್ಲಿ ಹಿಮದಲ್ಲೂ ಆಡ್ತಾರೆ, ಡಿಸ್ಕು ಹಿಮದೊಳಗೆ ಹುದುಗಿಹೋದ್ರೆ ಕಾಣ್ಲಿ ಅಂತ ಕೆಳಗಡೆ ರಿಬ್ಬನ್ ಅಂಟಿಸಿರ್ತಾರೆ, ಜಡೆ ಹಾಕಿದ ಡಿಸ್ಕು. ಫ್ಲಾರಿಡಾದಲ್ಲಿ ಕೆರೆ ಪಕ್ಕ ಮೊಸಳೆ ಬೋರ್ಡು ನೋಡಿದ ಮೇಲೆ ಎಂಥಾ ಪ್ರೀತಿಯ ಡ್ರೈವರ್ (ದೂರ ಎಸೆಯೋ ಡಿಸ್ಕು) ನೀರಿಗೆ ಬಿದ್ರೂ ನಾನು ನಮಸ್ಕಾರ ಹಾಕಿ ಮುಂದೆ ಹೋಗ್ತೀನಿ, ಬೇರೆಯವರೂ ಹಾಗೇ ಮಾಡೋದು ಒಳ್ಳೇದು.

ಊರಿಗೆ ಬಂದಾಗ್ಲೂ ಇದು ಬಿಡಲ್ಲ. ಕಬ್ಬನ್ ಪಾರ್ಕಲ್ಲಿ ವಾಕಿಂಗ್ ಮಾಡ್ತಾ ಆ ದೊಡ್ಡ ಮರಗಳ ಸಂದಿ ನೋಡಿ ಇಲ್ಲಿ ಟೀ, ಅಲ್ಲಿ ಬುಟ್ಟಿ, ಆ ಬಿದಿರಮೆಳೆ ಬಲಕ್ಕಿರೋದ್ರಿಂದ ಎಡದಿಂದ ತಿರುಗಿಸ್ಬೇಕು ಅಂತ ಮನಸ್ಸಲ್ಲೇ ಹದಿನೆಂಟು ಹೋಲ್ ಹಾಕಿಬಿಟ್ಟಿದೀನಿ. ಲಾಲ್‌ಬಾಗ್ ಬಂಡೆ ಮೇಲಿಂದ ಕೆಳಕ್ಕೆ ಎಸೆಯೋ ಹೋಲ್ ಒಂದು ಮಾಡಿದ್ರೆ ನೋಡೋಕೆ ಎಷ್ಟು ಚೆನ್ನಾಗಿರುತ್ತೆ, ಆದ್ರೆ ಕೆಳಗೆ ಭಾನುವಾರ ಬರೋ ಜನದ ತಲೆ ನೆನೆಸ್ಕೊಂಡು ಕೈಬಿಟ್ಟೆ. ಮನಸ್ಸಲ್ಲಿ ಆಡಿದ್ದು ಲಿಸ್ಟಿಗೆ ಸೇರಲ್ಲ, ಇಷ್ಟರಮಟ್ಟಿಗೆ ನಾನೂ ಮಡಿವಂತ.

ಹೆಂಡತಿ ಮೊದಮೊದಲು ಜೊತೆಗೆ ಬರೋಳು, ಈಗ ಷರತ್ತು ಹಾಕ್ತಾಳೆ. ಯಾವ ಟ್ರಿಪ್ ಪ್ಲಾನ್ ಮಾಡಿದ್ರೂ ಮೊದಲು ನನ್ನ ಫೋನ್ ಇಸ್ಕೊಂಡು ಆ ಮ್ಯಾಪ್ ನೋಡ್ತಾಳೆ, ನಾನು ಯಾಕೆ ಈ ಹೋಟೆಲ್ಲೇ ಬುಕ್ ಮಾಡಿದೆ ಅಂತ ತಕ್ಷಣ ಗೊತ್ತಾಗುತ್ತೆ. ಈಗ ಅವಳ ಚಿಕ್ಕಪ್ಪನ ಮಗಳು ಕಾನ್ಸಾಸ್ ಸಿಟಿಲಿ ಮನೆ ತಗೊಂಡಿದಾಳೆ, ಗೃಹಪ್ರವೇಶಕ್ಕೆ ಕರೆದಿದಾರೆ. ಸಾಮಾನ್ಯವಾಗಿ ಇಂಥದ್ದಕ್ಕೆ ನಾನು ಆಫೀಸ್ ರಜಾ, ಟಿಕೆಟ್ ರೇಟು ಅಂತ ಏನಾದ್ರೂ ಅಡ್ಡ ಹೇಳೋನು, ಈ ಸಲ ಅವಳ ಮಾತು ಮುಗಿಯೋ ಮುಂಚೆನೇ ಹೋಗೋಣ ಅಂದೆ. ಅನುಮಾನ ಬಂತು. ಎಂಪೋರಿಯಾ ಅಲ್ಲಿಂದ ಎರಡು ಗಂಟೆ ಒಳಗೆ, ಪ್ರಪಂಚದ ಡಿಸ್ಕ್ ಗಾಲ್ಫ್ ರಾಜಧಾನಿ ಅಂತ ತನ್ನನ್ನ ತಾನೇ ಕರ್ಕೊಳ್ಳೋ ಪುಟ್ಟ ಊರು, ಪೀಟರ್ ಪ್ಯಾನ್ ಪಾರ್ಕ್ ಅನ್ನೋ ಕೋರ್ಸ್ ನೋಡೋಕೇ ಜನ ದೂರದಿಂದ ಬರ್ತಾರೆ ಅಂತೆಲ್ಲಾ ಹೇಳ್ಬೇಕಾಯ್ತು. "ರೀ, ಮಹಾಮಂಗಳಾರತಿ ಹೊತ್ತಿಗೆ ನೀವು ಪಂಚೆ ಉಟ್ಕೊಂಡು ನನ್ ಪಕ್ಕ ನಿಂತಿರ್ಬೇಕು, ಊಟ ಆದ್ಮೇಲೆ ಹೋಗಿ, ಒಂದೇ ಒಂದು ಕೋರ್ಸು" ಅಂದಿದಾಳೆ. ಒಪ್ಕೊಂಡಿದೀನಿ. ಅವಳ ತಂಗಿ ಮನೆಯಿಂದ ಒಂದೂವರೆ ಮೈಲಿಲಿ ಒಂಬತ್ತು ಹೋಲಿನದ್ದೊಂದು ಇದೆ, ಪೂಜೆಗೆ ಹೂವು ತರೋಕೆ ಹೋದೋನು ಆಡಿ ಬರಬಹುದು, ಮತ್ತೆ ಒಂಬತ್ತು ಹೋಲಿಂದು ಪೂರ್ತಿ ಕೋರ್ಸ್ ಅಲ್ಲ ಅಂತ ವಾದ ಮಾಡೋರೂ ಇದಾರಲ್ಲ, ಆವತ್ತೊಂದು ದಿನ ನಾನೂ ಅವರ ಪಾರ್ಟಿ.